ಗಾಯ ಒಣಗಬೇಕೇ, ತೇವವಾಗಿರಬೇಕೇ?

ಪರ: ಮುಚ್ಚಿಡಿ, ಒಣಗಲು ಬಿಡಬೇಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಗಾಯಕ್ಕೆ ಒಂದೇ ಮಾತು: "ಗಾಳಿಗೆ ಬಿಡಿ, ಬೇಗ ಒಣಗ್ತದೆ." ಒಣಗುತ್ತದೆ, ನಿಜ. ಆದರೆ ಬೇಗ ಗುಣವಾಗುವುದಿಲ್ಲ.

ಹೊಸ ಚರ್ಮ ಗಾಯದ ಅಂಚಿನಿಂದ ನಡುವಿಗೆ ಬೆಳೆದು ಬರುತ್ತದೆ. ಅದಕ್ಕೆ ತೇವ ಬೇಕು. ಮೇಲೆ ಹಕ್ಕಳೆ ಗಟ್ಟಿಯಾಗಿ ಕೂತರೆ ಆ ಜೀವಕೋಶಗಳು ಅದರ ಅಡಿಗಿಳಿದು ದಾರಿ ಮಾಡಿಕೊಳ್ಳಬೇಕು. ಅದಕ್ಕೆ ದಿನ ಜಾಸ್ತಿ ಹಿಡಿಯುತ್ತದೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಇದನ್ನು ಹಂದಿಗಳಲ್ಲಿ ತೋರಿಸಿಕೊಟ್ಟರು. ಪಾಲಿಥೀನ್ ಹಾಳೆ ಮುಚ್ಚಿದ ಗಾಯದ ಮೇಲೆ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಬೆಳೆಯಿತು. ಮರುವರ್ಷ ಮನುಷ್ಯರಲ್ಲೂ ಹಾಗೇ ಕಂಡುಬಂತು.

ನಾನು ವರ್ಷಗಟ್ಟಲೆ ಡ್ರೆಸ್ಸಿಂಗ್ ಮಾಡಿದ ನರ್ಸ್. ಗಾಯಕ್ಕೆ ಅಂಟಿದ ಒಣ ಗಾಜ್ ಬಟ್ಟೆ ಎಳೆದರೆ ಏನಾಗುತ್ತದೆ ಗೊತ್ತಾ? ಬಟ್ಟೆಯ ನೇಯ್ಗೆಯ ಗುರುತಿನಲ್ಲೇ ಸಾಸಿವೆಯಷ್ಟು ಸಣ್ಣ ರಕ್ತದ ಹನಿಗಳು ಏಳುತ್ತವೆ. ನಿನ್ನೆಯಷ್ಟೇ ಹುಟ್ಟಿದ ಚರ್ಮ ಕಿತ್ತು ಬಂದಿರುತ್ತದೆ. ರೋಗಿ ಹಲ್ಲು ಕಚ್ಚಿ ಕೂತಿರುತ್ತಾರೆ. ಸಲೈನ್ ಹನಿಸಿ ಸ್ವಲ್ಪ ಕಾದರೆ ಬಟ್ಟೆ ತಾನಾಗಿ ಬಿಡುತ್ತದೆ. ಅಷ್ಟು ತಾಳ್ಮೆ ಬೇಡವೇ?

ಮನೆಯಲ್ಲಿ ತರಚು ಗಾಯವಾದರೆ ಶುದ್ಧ ನೀರು ಹರಿಸಿ ತೊಳೆಯಿರಿ. ತೆಳ್ಳಗೆ ವ್ಯಾಸಲೀನ್ ಹಚ್ಚಿ, ಅಂಟದ ಪಟ್ಟಿ ಹಾಕಿ, ದಿನಾ ಬದಲಿಸಿ. ಬುರುಬುರು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಹೊಸ ಕೋಶಗಳಿಗೂ ಪೆಟ್ಟು ಕೊಡುತ್ತದೆ. ಅರಿಸಿನ ಹುಡಿ, ಕಾಫಿ ಹುಡಿಯೂ ಬೇಡ. ಗಾಳಿಗೆ ಬಿಡಿ ಎನ್ನುವವರು ನೊಣಕ್ಕೂ ಕೆಸರಿಗೂ ಬಿಡಿ ಎಂದಂತೆಯೇ. ಮಳೆಗಾಲದ ಕೆಸರು ನೀರಿನಿಂದ ಇಲಿಜ್ವರ ಮೈಗೆ ಸೇರುವುದು ಹೆಚ್ಚಾಗಿ ಇಂಥ ತೆರೆದ ಗಾಯಗಳಿಂದಲೇ.

ವಿರೋಧ: ನಮ್ಮ ಮಳೆಗಾಲಕ್ಕೆ ಈ ಮಾತು ಹೊಂದುವುದಿಲ್ಲ

ಈ ಕಡೆಯಿಂದ ಬರೆಯಿರಿ ಎಂದು ಕೇಳಿದರು, ಬರೆಯುತ್ತಿದ್ದೇನೆ. ಪಟ್ಟಿಯೇ ಬೇಡ ಎನ್ನುವವನು ನಾನಲ್ಲ. ಆದರೆ ಆ ಹಂದಿಗಳು ಇದ್ದದ್ದು ಪ್ರಯೋಗಶಾಲೆಯಲ್ಲಿ. ನಾವಿರುವುದು ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಕಾಸರಗೋಡಿನಲ್ಲಿ.

ಆಟಿ ತಿಂಗಳಲ್ಲಿ ತೋಟದ ಹುಲ್ಲು ಕೊಯ್ಯುವಾಗ ನನ್ನಣ್ಣನ ಕಾಲ್ಬೆರಳಿಗೆ ಕತ್ತಿ ತಾಗಿತು. ಪ್ಲಾಸ್ಟರ್ ಸುತ್ತಿ, ಮೇಲೆ ರಬ್ಬರ್ ಬೂಟು ಹಾಕಿ ಮತ್ತೆ ತೋಟಕ್ಕೆ ಇಳಿದ. ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು, ಕೂತಿರಲು ಆಗುತ್ತದಾ? ಕೆಲಸ ಮುಗಿದ ಮೇಲೆ ಬಿಚ್ಚಿದರೆ ಬೆರಳೇ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಪಕ್ಕದ ಒಳ್ಳೆ ಚರ್ಮವೂ ಪ್ಲಾಸ್ಟರಿನ ಜೊತೆ ಎದ್ದು ಬಂತು. ವಾಸನೆಗೆ ಅತ್ತಿಗೆ ಮುಖ ತಿರುಗಿಸಿದರು. ಡಾಕ್ಟರು ಮಾತ್ರೆ ಕೊಟ್ಟು, ಬೂಟು ಬಿಡಿ, ಬೆರಳ ಸಂದಿ ಒಣಗಿರಲಿ ಎಂದರು. ಜಗಲಿಯಲ್ಲಿ ಕಾಲು ನೀಡಿ ಕೂತ ಮೇಲೆಯೇ ಅದು ಮಾಯ್ದದ್ದು.

ದಿನಾ ಬದಲಿಸಿ ಎನ್ನುವುದು ಸುಲಭ. ಅಂಟದ ಪಟ್ಟಿ ನಮ್ಮ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಕಿದ ಪಟ್ಟಿ ತಾನಾಗಿ ಬೀಳುವವರೆಗೆ ಬಿಡುವವರೇ ಜಾಸ್ತಿ.

ಡಾಕ್ಟರುಗಳೂ ಎಲ್ಲದಕ್ಕೂ ತೇವ ಹೇಳುವುದಿಲ್ಲ ಅಲ್ವಾ? ಹಸುಗೂಸಿನ ಹೊಕ್ಕುಳ ಬಳ್ಳಿ ಒಣಗಿಯೇ ಬೀಳಲಿ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಬೆರಳು ರಕ್ತ ಓಡದೆ ಕಪ್ಪಗೆ ಒಣಗಿದ್ದರೆ, ರಕ್ತನಾಳ ಪರೀಕ್ಷೆ ಮಾಡಿ ಮುಂದಿನ ದಾರಿ ನೋಡುವವರೆಗೆ ಅದನ್ನು ಒದ್ದೆಯಾಗಲು ಬಿಡುವುದೇ ಇಲ್ಲ.