ಬಟ್ಟೆ, ಕೋಲು, ಹಗ್ಗ

ಸರೋವರದ ದಂಡೆಯ ಕ್ಲಬ್ಬಿನಲ್ಲಿ ವಾರಾಂತ್ಯದ ರೆಗಾಟಾ, ಅಂದರೆ ಹಾಯಿದೋಣಿಗಳ ಪಂದ್ಯ, ನಡೆದರೆ ನೋಡಲು ಬಂದವರ ಕಣ್ಣೆಲ್ಲ ನೀರಿನ ಮೇಲಿನ ಡಿಂಗಿ ಎಂಬ ಪುಟ್ಟ ಹಾಯಿದೋಣಿಗಳ ಮೇಲೆ. ಹಿಂದಿನ ಹುಲ್ಲಿನಲ್ಲಿ ಸಾಲುಗಟ್ಟಿ ನಿಂತ ಟೆಂಟುಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಎರಡಕ್ಕೂ ಬೇಕಾದ ಸಾಮಾನು ಮಾತ್ರ ಒಂದೇ: ಒಂದಿಷ್ಟು ಬಟ್ಟೆ, ಒಂದೆರಡು ಕೋಲು, ಎಷ್ಟಿದ್ದರೂ ಸಾಲದ ಹಗ್ಗ. ಹಗಲೆಲ್ಲ ಬಟ್ಟೆ ಎತ್ತಿಕೊಂಡು ಗಾಳಿಯನ್ನು ಬೇಟೆಯಾಡಿದವರು ರಾತ್ರಿ ಇನ್ನೊಂದು ಬಟ್ಟೆಯ ಕೆಳಗೆ ನುಸುಳಿ ಅದೇ ಗಾಳಿಯಿಂದ ತಲೆಮರೆಸಿಕೊಳ್ಳುತ್ತಾರೆ.

ಶುಕ್ರವಾರ ಸಂಜೆಯ ಮೊದಲ ಎಡವಟ್ಟಿಗೆ ಬಟ್ಟೆಯೂ ಬೇಡ, ಗಾಳಿಯೂ ಬೇಡ. ದೂರದಿಂದ ದೋಣಿ ಎಳೆದು ತಂದ ಟ್ರೇಲರನ್ನು ಹಾಗೆಯೇ ನೀರಿಗೆ ಇಳಿಸಿಬಿಡುವುದೇ ಅದು. ರಸ್ತೆಯ ಓಟಕ್ಕೆ ಚಕ್ರದ ಬೇರಿಂಗ್ ಕಾದಿರುತ್ತದೆ. ತಣ್ಣೀರಿಗೆ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ತುಕ್ಕು ಹಿಡಿಯುತ್ತದೆ, ಇನ್ಯಾವಾಗಲೋ ನಡುರಸ್ತೆಯಲ್ಲಿ ಚಕ್ರ ಮುಷ್ಕರ ಹೂಡುತ್ತದೆ. ನೀರಿಗಿಳಿಯಲು ಕೈಗಾಡಿಯಂಥ ಟ್ರಾಲಿ ಬೇರೆಯೇ ಇರುವುದು ಇದಕ್ಕೇ.

ಟೆಂಟಿಗೆ ಜಾಗ ಹುಡುಕುವಾಗ ದೋಣಿಯವರ ಬುದ್ಧಿಯನ್ನು ತಿರುವುಮುರುವಾಗಿ ಬಳಸಬೇಕು. ದಡದ ಮರಗಳ ಸಾಲು ತನ್ನ ಎತ್ತರದ ಎಷ್ಟೋ ಪಟ್ಟು ದೂರದವರೆಗೆ ಗಾಳಿಗೆ ಅಡ್ಡ ನಿಲ್ಲುತ್ತದೆ. ದೋಣಿಗೆ ಆ ಮರೆ ಶತ್ರು, ಟೆಂಟಿಗೆ ನೆಂಟ. ಹಾಗೆಂದು ಮರದ ಬುಡಕ್ಕೇ ಹೋಗಬಾರದು. ಕೊಂಬೆ ಮುರಿದರೆ ಕೆಳಗಿರುವುದು ತಲೆ. ನೀರಿನಂಚಿನ ತಗ್ಗೂ ಬೇಡ, ರಾತ್ರಿಯ ತಂಪು ಗಾಳಿ ಇಳಿದು ಬಂದು ಮಡುಗಟ್ಟುವುದು ಅಲ್ಲಿಯೇ. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಎದುರು ಮಾಡಿ ಜಿಪ್ ತೆರೆದರೆ ಟೆಂಟ್ ಹಾಯಿಯಾಗುತ್ತದೆ. ಅದಕ್ಕೆ ಚುಕ್ಕಾಣಿ ಇಲ್ಲ ಎನ್ನುವುದೊಂದೇ ಕೊರತೆ.

ಹಗ್ಗದಲ್ಲೂ ಜಾತಿಗಳಿವೆ. ಹಾಯಿ ಹಿಡಿಯುವ ಹಗ್ಗ ಪಾಲಿಯೆಸ್ಟರಿನದು, ಅಷ್ಟಾಗಿ ಹಿಗ್ಗುವುದಿಲ್ಲ. ನೈಲಾನ್ ಟೆಂಟು ಇಬ್ಬನಿ ಕುಡಿದು ಸಡಿಲವಾಗುತ್ತದೆ, ಆದ್ದರಿಂದ ಮಲಗುವ ಮುನ್ನ ಹಗ್ಗಗಳನ್ನು ಇನ್ನೊಮ್ಮೆ ಬಿಗಿಯಬೇಕು. ಬೋಲೈನ್ ಗಂಟು ಜಾರದು, ಆದರೆ ಎಳೆತವಿರುವಾಗ ಬಿಚ್ಚಲೂ ಬಾರದು. ಅವಸರದಲ್ಲಿ ಬಿಚ್ಚಬೇಕಾದ ಕಡೆ ಕಂಬಕ್ಕೆ ಒಂದು ಪೂರ್ತಿ ಸುತ್ತು ಹಾಕಿ ಎರಡು ಅರೆಗಂಟು ಬಿಗಿದರೆ ಸಾಕು. ದೊಡ್ಡ ಹಾಯಿಯನ್ನು ಹಿಡಿಯುವ ಹಗ್ಗವಾದ ಮೇನ್‌ಶೀಟಿನ ತುದಿಗೆ ಎಂಟರಾಕಾರದ ಗಂಟು ಹಾಕಲು ಮರೆತರೆ, ಬಲವಾದ ಗಾಳಿ ಬೀಸಿದಾಗ ಅದು ರಾಟೆಗಳಿಂದ ಪೂರ್ತಿ ಕಳಚಿಕೊಂಡು ಹೋಗುತ್ತದೆ.

ಶನಿವಾರ ಹತ್ತಕ್ಕೆ ಮೊದಲ ರೇಸ್ ಎಂದು ಹಲಗೆಯ ಮೇಲೆ ಬರೆದಿರುತ್ತದೆ. ಗಾಳಿ ಹಲಗೆ ಓದುವುದಿಲ್ಲ. ರಾತ್ರಿ ತಣ್ಣಗಾದ ನೆಲದ ಮೇಲೆ ತಂಪು ಗಾಳಿಯ ಪದರವೊಂದು ಕದಲದೆ ಕೂತಿರುತ್ತದೆ. ಮೇಲೆ ಎಷ್ಟೇ ಬೀಸಿದರೂ ಕೆಳಗೆ ಮುಟ್ಟದು. ಬಿಸಿಲೇರಿ ಪದರ ಕಲಕಿದ ಮೇಲೆಯೇ ನೀರಿನಲ್ಲಿ ಸುಕ್ಕು ಮೂಡುವುದು. ಅಲ್ಲಿಯವರೆಗೆ ಕೆಂಪು-ಬಿಳಿ ಉದ್ದಪಟ್ಟೆಗಳ ಬಾವುಟ ಎರಡು ಸದ್ದಿನೊಂದಿಗೆ ಏರುತ್ತದೆ: ಮುಂದೂಡಲಾಗಿದೆ. ಎಲ್ಲರೂ ಲೈಫ್ ಜಾಕೆಟ್ ತೊಟ್ಟೇ ಹುಲ್ಲಿನ ಮೇಲೆ ಒರಗುತ್ತಾರೆ. ವಾರಾಂತ್ಯದ ಪ್ರಾಮಾಣಿಕ ಕಾರ್ಯಕ್ರಮ ಪಟ್ಟಿ ಬರೆದರೆ ಅರ್ಧ ಪುಟ ಈ ಒರಗುವಿಕೆಗೇ ಹೋದೀತು.

ಆಮೇಲೆ ಬರುವ ಐದು ನಿಮಿಷ ಮಾತ್ರ ಇಡೀ ಆಟದ ಸಾರ. ಹೊರಡಲು ಐದು ನಿಮಿಷ ಇರುವಾಗ ಆಯಾ ದೋಣಿ ವರ್ಗದ ಬಾವುಟ ಏರುತ್ತದೆ. ನಾಲ್ಕಕ್ಕೆ ಎರಡನೆಯ ಬಾವುಟ, ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕದ ‘ಪಿ’. ಒಂದಕ್ಕೆ ಅದು ದೀರ್ಘ ಸದ್ದಿನೊಂದಿಗೆ ಇಳಿಯುತ್ತದೆ. ಸೊನ್ನೆಗೆ ಮೊದಲನೆಯದೂ ಇಳಿದರೆ ಹೊರಟಂತೆ. ವಾಚು ಒತ್ತಬೇಕಾದದ್ದು ಬಾವುಟ ನೋಡಿ, ಸದ್ದು ಕೇಳಿ ಅಲ್ಲ. ಸದ್ದೇ ಬರದಿದ್ದರೂ ನಿಯಮ ಬಾವುಟದ ಪರ. ಈ ಐದು ನಿಮಿಷದೊಳಗೆ ಒಂದು ಪರೀಕ್ಷೆ ಮಾಡಬಹುದು. ಹೊರಡುವ ಗೆರೆಯ ನಡುವೆ ನಿಂತು ದೋಣಿಯ ಮೂತಿಯನ್ನು ನೇರ ಗಾಳಿಗೆ ತಿರುಗಿಸಿ ಹಾಯಿ ಪಟಪಟಿಸಲು ಬಿಡಿ. ಮೂತಿ ಗೆರೆಯ ಯಾವ ತುದಿಯತ್ತ ವಾಲಿದೆಯೋ ಆ ತುದಿ ಗಾಳಿಗೆ ಹತ್ತಿರ, ಮೊದಲ ಓಟ ಸಾಮಾನ್ಯವಾಗಿ ಗಾಳಿಗೆದುರಾದ್ದರಿಂದ ಅಲ್ಲಿಂದ ಹೊರಟರೆ ಅಷ್ಟು ದಾರಿ ಉಳಿತಾಯ. ಕಷ್ಟವೇನೆಂದರೆ, ಸರೋವರದ ಗಾಳಿ ಗುಡ್ಡ, ಮರ, ಕಟ್ಟಡಗಳಿಗೆ ಬಡಿದು ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತದೆ. ನಾಲ್ಕನೇ ನಿಮಿಷದ ಸತ್ಯ ಒಂದನೇ ನಿಮಿಷಕ್ಕೆ ಸುಳ್ಳು. ಅಷ್ಟರಲ್ಲಿ ಎಲ್ಲರೂ ಅದೇ ತುದಿಗೆ ನುಗ್ಗಿ ಸಂತೆ ನೆರೆದಿರುತ್ತದೆ.

ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ಎಡಬದಿಯಿಂದ ಪಡೆಯುವುದು ದಾರಿ ಬಿಡಬೇಕು. ‘ಸ್ಟಾರ್‌ಬೋರ್ಡ್!’ ಎಂಬ ಕೂಗು (ಬಲಬದಿ ಎಂದರ್ಥ) ಇದರ ನೆನಪೋಲೆ. ತಪ್ಪಿದವರು ಬದಿಗೆ ಸರಿದು ಎರಡು ಸುತ್ತು ಸುತ್ತಬೇಕು, ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತಿನ ಬುರುಡೆಗೆ ತಾಗಿದರೆ ಒಂದು. ರೆಫರಿ ಪ್ರತಿ ದೋಣಿಯ ಬೆನ್ನಿಗಿರುವುದಿಲ್ಲ. ತನ್ನ ತಪ್ಪಿಗೆ ತಾನೇ ಸುತ್ತುವ ಈ ಪದ್ಧತಿ ಇನ್ನೂ ಉಳಿದಿರುವುದೇ ಸೋಜಿಗ.

ಮಗುಚಿದರೆ ಗಾಬರಿ ಬೇಡ. ಜೊತೆಗಾರರ ತಲೆ ಎಣಿಸಿ, ಮೇನ್‌ಶೀಟ್ ಸಡಿಲಿಸಿ, ಮೂತಿಯನ್ನು ಗಾಳಿಯತ್ತ ತಿರುಗಿಸಿ, ದೋಣಿಯ ಅಡಿಯಿಂದ ಚಾಚಿದ ಹಲಗೆಯಾದ ಸೆಂಟರ್‌ಬೋರ್ಡಿನ ಮೇಲೆ ನಿಂತು ಹಿಂದಕ್ಕೆ ವಾಲಿದರೆ ದೋಣಿ ಏಳುತ್ತದೆ. ಆಳವಿಲ್ಲದ ಕಡೆ ಪೂರ್ತಿ ತಲೆಕೆಳಗಾದರೆ ಹಾಯಿ ಹೊರುವ ಕಂಬವಾದ ಮಾಸ್ಟಿನ ತುದಿ ಕೆಸರಿಗೆ ನಾಟಿಕೊಳ್ಳುತ್ತದೆ. ಆಗ ದೋಣಿಯ ಮೇಲೆ ಹತ್ತಬಾರದು. ಭಾರ ಹೆಚ್ಚಿದಷ್ಟೂ ಅದು ಇನ್ನಷ್ಟು ಇಳಿಯುತ್ತದೆ. ಸುರಕ್ಷಾ ದೋಣಿ ಬಂದು, ಹೊಕ್ಕ ದಾರಿಯಲ್ಲೇ ಮೆಲ್ಲಗೆ ಎಳೆಯುವವರೆಗೆ ಕಾಯಬೇಕು.

ಸಂಜೆಯ ಕೆಲಸಗಳು ಚಿಲ್ಲರೆ, ಮರೆತರೆ ದುಬಾರಿ. ಹಿಂಭಾಗದ ಬಿರಡೆ ತೆಗೆದು ಒಳಗಿನ ನೀರು ಬಸಿಯಬೇಕು, ತೆಗೆದ ಬಿರಡೆಯನ್ನು ಚುಕ್ಕಾಣಿಯ ಹಿಡಿಯಾದ ಟಿಲ್ಲರಿಗೆ ಕಟ್ಟಬೇಕು. ಟಿಲ್ಲರ್ ಮುಟ್ಟದೆ ಬೆಳಿಗ್ಗೆ ಯಾರೂ ಹೊರಡಲಾರರು. ಹಾಯಿ ಏರಿಸುವ ಹ್ಯಾಲ್ಯರ್ಡನ್ನು ಮಾಸ್ಟಿನಿಂದ ದೂರ ಎಳೆದು ಕಟ್ಟದಿದ್ದರೆ ರಾತ್ರಿಯಿಡೀ ಟಣಟಣ. ಸಾಲಿನಲ್ಲಿ ಒಂದೇ ಒಂದು ದೋಣಿ ಹೀಗೆ ಬಡಿದುಕೊಂಡರೂ ಟೆಂಟುಗಳೆಲ್ಲ ಎಚ್ಚರ, ಅದರ ಮಾಲೀಕರು ಮಾತ್ರ ಗಾಢ ನಿದ್ದೆ. ನೀರಿನ ಚಳಿಗೆ ತೊಡುವ ಬಿಗಿಯುಡುಪಾದ ಒದ್ದೆ ವೆಟ್‌ಸೂಟನ್ನು ಟೆಂಟಿನೊಳಗೆ ತಂದರೆ ಅದರ ತೇವವೆಲ್ಲ ತಣ್ಣನೆಯ ಬಟ್ಟೆಗೆ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿ ಮುಚ್ಚಬಾರದು.

ಭಾನುವಾರ ಅಂಕಗಳ ಲೆಕ್ಕ. ಮೊದಲ ಸ್ಥಾನಕ್ಕೆ ಒಂದು, ಎರಡನೆಯದಕ್ಕೆ ಎರಡು. ಕಡಿಮೆ ಇದ್ದವರದೇ ಗೆಲುವು. ರೇಸುಗಳು ಸಾಕಷ್ಟು ನಡೆದಿದ್ದರೆ ಕೆಟ್ಟದ್ದೊಂದನ್ನು ಕೈಬಿಡುವ ಉದಾರತೆಯೂ ಉಂಟು. ಬಹುಮಾನ ವಿತರಣೆಯ ಹೊತ್ತಿಗೆ ಎಲ್ಲರ ಗಮನ ಗಂಟುಮೂಟೆ ಕಟ್ಟುವುದರ ಮೇಲೆ. ಹಾಯಿಯನ್ನು ದಡದಲ್ಲಿ ಪಟಪಟಿಸಲು ಬಿಟ್ಟು ಒಣಗಿಸಬಾರದು, ನೇಯ್ಗೆಗೆ ಬಿಗಿ ಕೊಡುವ ಲೇಪ ಒಡೆಯುತ್ತದೆ. ಅದನ್ನು ಸುತ್ತಬೇಕು, ಮಡಚಬಾರದು. ಟೆಂಟಿಗೆ ಅಷ್ಟು ಮರ್ಯಾದೆ ಬೇಕಿಲ್ಲ. ಪ್ರತಿ ಸಲ ಅದೇ ಗೆರೆಯಲ್ಲಿ ಮಡಚಿ ಲೇಪ ಸವೆಸುವ ಬದಲು ಚೀಲಕ್ಕೆ ತುರುಕಿದರೇ ವಾಸಿ. ಮನೆ ಮುಟ್ಟಿದ ರಾತ್ರಿಯೇ ಎರಡನ್ನೂ ಬಿಡಿಸಿ ಹರಡಬೇಕು. ನಾಳೆ ಎಂದರೆ ಬೂಷ್ಟು.