ಫ್ಲಾಶ್ ಆಫ್ ಮಾಡ್ರಪ್ಪಾ!

ಆಗುಂಬೆಯ ಸೂರ್ಯಾಸ್ತ ನೋಡಲು ಬರುವವರಲ್ಲಿ ನನ್ನದೊಂದು ಬೇಡಿಕೆ ಇದೆ. ದಯವಿಟ್ಟು ಮೊಬೈಲಿನ ಫ್ಲಾಶ್ ಆಫ್ ಮಾಡಿ!

ಸೂರ್ಯ ಮುಳುಗಿದ ಮೇಲೆ ಒಂದಿಪ್ಪತ್ತು ನಿಮಿಷ ಆಕಾಶ ಕಡುನೀಲಿ ಆಗುತ್ತದೆ. ಘಟ್ಟದ ಸಾಲುಗಳು ಒಂದರ ಹಿಂದೊಂದು ಬೇರೆ ಬೇರೆಯಾಗಿ ಕಾಣುತ್ತವೆ. ನಾವು ಫೋಟೋ ತೆಗೆಯುವವರು ಕಾಯುವುದೇ ಆ ಹೊತ್ತಿಗೆ. ಟ್ರೈಪಾಡ್ ನಿಲ್ಲಿಸಿ, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100ಕ್ಕೆ ಇಟ್ಟು, ಬೆಳಕು ಒಳಗೆ ಬಿಡುವ ಶಟರನ್ನು 15 ಸೆಕೆಂಡ್ ತೆರೆದಿಡುತ್ತೇವೆ. ಅಷ್ಟರಲ್ಲಿ ಪಕ್ಕದಿಂದ ಪಳ್ ಅಂತ ಫ್ಲಾಶ್! ಎದುರಿನ ಕಂಬಿ ಬೆಳ್ಳಗೆ ಹೊಳೆಯುತ್ತದೆ, ಮಂಜು ಹಾಲಿನ ಪರದೆಯಂತೆ ಅಡ್ಡ ಬರುತ್ತದೆ. ಫೋಟೋ ಹೋಯಿತು.

ಅಲ್ಲ ಸ್ವಾಮಿ, ಫೋನಿನ ಫ್ಲಾಶ್ ಬೆಳಕು ಹೋಗುವುದೇ ಕೆಲವು ಮೀಟರ್. ಅದು ಎದುರಿನ ಬೆಟ್ಟಕ್ಕೆ ಮುಟ್ಟುತ್ತದೆಯೇ? ನಿಮ್ಮ ಫೋಟೋದಲ್ಲೂ ಮಂಜೇ ಜಾಸ್ತಿ ಬರುತ್ತದೆ, ಬೆಟ್ಟ ಮಾಯ. ಆಫ್ ಮಾಡಿ ನೋಡಿ, ನಿಮಗೂ ಚೆನ್ನಾಗಿ ಬರುತ್ತದೆ.

ಇನ್ನು ಕೆಲವರು ಟ್ರೈಪಾಡಿನ ಕಾಲಿಗೇ ಬ್ಯಾಗು ಒರಗಿಸುತ್ತಾರೆ. ಕ್ಯಾಮೆರಾ ಅಲುಗಾಡಿ ಫೋಟೋ ಮಸುಕಾಗುತ್ತದೆ. ಕೇಳಿದರೆ, 'ಏನಾಯ್ತೀಗ, ಇನ್ನೊಂದು ತೆಗೀರಿ' ಅನ್ನುತ್ತಾರೆ. ಇನ್ನೊಂದು ಹೇಗೆ ತೆಗೆಯೋದು? ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ. ನಾಳೆ ಮೋಡ ಕವಿದರೆ ಅದೂ ಇಲ್ಲ.