ಕಪ್ಪು ಪ್ಲಾಸ್ಟಿಕ್‌ಗೆ ಉಪ್ಪುಕಾಗದ ಮುಟ್ಟಿಸಬೇಡಿ

ಈಗಷ್ಟೇ ನೋಡಿ ಬಂದೆ, ಇನ್ನೂ ಹೊಟ್ಟೆ ಉರಿಯುತ್ತಿದೆ. ಒಳ್ಳೆಯ ಕಾರು. ಚಕ್ರದ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಿಳಿ ಗುರುತು. ಅದನ್ನು ತೆಗೆಯಲು ಹುಡುಗನೊಬ್ಬ ಉಪ್ಪುಕಾಗದ ಹಿಡಿದು ಗಸಗಸ ಉಜ್ಜುತ್ತಿದ್ದ. ಗುರುತೇನೋ ಹೋಯಿತು. ಜೊತೆಗೆ ಪ್ಲಾಸ್ಟಿಕ್ಕಿನ ಮೇಲಿದ್ದ ತರಿಯೂ, ಅಂದರೆ ಸಣ್ಣ ಉಬ್ಬುತಗ್ಗಿನ ಒರಟು ಮೈಯೂ, ಹೋಯಿತು. ಈಗ ಅಲ್ಲಿ ಅಂಗೈ ಅಗಲದ ಬೋಳು ಜಾಗ, ಬಿಸಿಲು ಬಿದ್ದರೆ ದೂರದಿಂದಲೇ ಕಾಣುತ್ತದೆ.

ಬಾಡಿಯ ಬಣ್ಣದ ಮೇಲೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹದವಾಗಿ ಉಜ್ಜಿ ಪಾಲಿಶ್ ಮಾಡಬಹುದು. ಈ ಪಟ್ಟಿಯಲ್ಲಿ ಅಂಥ ಪದರವೇ ಇಲ್ಲ. ಹೆಚ್ಚಾಗಿ ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಕಪ್ಪು ಬಣ್ಣ ಒಳಗಿನ ತನಕ ಬೆರೆತಿರುತ್ತದೆ, ತರಿ ಅಚ್ಚಿನಲ್ಲೇ ಮೂಡಿರುತ್ತದೆ. ಸವೆದ ತರಿಯನ್ನು ಕೈಯಿಂದ ವಾಪಸ್ ತರುವುದು ಆಗದ ಮಾತು. ಬಣ್ಣದ ಗೀರು ಉಜ್ಜಿ ತೆಗೆಯುವ ಪೇಸ್ಟ್, ರಬ್ಬಿಂಗ್ ಕಾಂಪೌಂಡ್ ಹಚ್ಚುವವರೂ ಇದ್ದಾರೆ. ಅದು ತರಿಯೊಳಗೆ ಕೂತು ಒಣಗಿ, ಇನ್ನಷ್ಟು ಬೆಳ್ಳಗೆ ಕಾಣುತ್ತದೆ.

ಮೊದಲು ಉಗುರಿನಿಂದ ಸವರಿ ನೋಡಿ. ಇಷ್ಟೇ ಸಾಕು ಅಲ್ವಾ, ಅರ್ಧ ಅನಾಹುತ ತಪ್ಪುತ್ತದೆ! ಗುರುತು ಮೇಲೆ ಉಬ್ಬಿದಂತಿದ್ದರೆ ಅದು ಗೀರಲ್ಲ, ತಾಗಿದ ಗೋಡೆಯದೋ ಬೇರೆ ಗಾಡಿಯದೋ ಬಣ್ಣ. ಬಟ್ಟೆಗೆ ಸ್ವಲ್ಪ ಐಸೋಪ್ರೊಪಿಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಿ. ತರಿಯೊಳಗೆ ಉಳಿದದ್ದಕ್ಕೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು.

ಉಗುರು ಸಿಕ್ಕಿಕೊಂಡರೆ ನಿಜವಾದ ಗೀರು. ಎದ್ದು ನಿಂತ ಸಿಬಿರನ್ನು ಹರಿತವಾದ ಬ್ಲೇಡ್ ಮಲಗಿಸಿ ಕತ್ತರಿಸಿ. ಪಕ್ಕದ ಬಣ್ಣಕ್ಕೆ ಬಿಸಿ ತಾಗದಂತೆ ಮರೆ ಮಾಡಿ, ಬಿಸಿ ಗಾಳಿ ಊದುವ ಹೀಟ್ ಗನ್ ಆಡಿಸಿ. ಬೆಳ್ಳಗಾದ ಗೆರೆ ಕಣ್ಣೆದುರೇ ಕಪ್ಪಾಗುತ್ತಾ ಬರುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ. ಆದರೆ ಗನ್ ಒಂದೇ ಕಡೆ ನಿಲ್ಲಬಾರದು. ಈ ಪ್ಲಾಸ್ಟಿಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ತರಿ ಕರಗಿ ಮಿನುಗಲು ಶುರುವಾದರೆ ಕೆಲಸ ಕೆಟ್ಟಿತು.

"ಇಷ್ಟೆಲ್ಲ ಯಾಕೆ, ಸುಮ್ನೆ ಟೈರ್ ಪಾಲಿಶ್ ಸವರಿದರೆ ಕಪ್ಪಗಾಗುತ್ತದಲ್ಲ" ಅನ್ನುತ್ತಾರೆ. ಆಗುತ್ತದೆ, ನಾಲ್ಕು ಸಲ ತೊಳೆಯುವ ತನಕ. ಆಮೇಲೆ ಗೀರು ಅಲ್ಲೇ ಇರುತ್ತದೆ. ಬಣ್ಣ ಹೊಡೆಸುತ್ತೇನೆ ಅಂದರೆ, ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಕೆಳಗೆ ಬಣ್ಣ ಹಿಡಿದುಕೊಳ್ಳುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಹೊಡೆಯದಿದ್ದರೆ ಸಿಪ್ಪೆಯಂತೆ ಏಳುತ್ತದೆ. ಪಾಲಿಶ್‌ನ ಸಿಲಿಕೋನ್ ಜಿಡ್ಡು ಉಳಿದಿದ್ದರಂತೂ ಕೇಳಲೇಬೇಡಿ.

ಆಳದ ಗೀರು ಪೂರ್ತಿ ಮಾಯವಾಗುವುದಿಲ್ಲ, ನಿಜ. ಅದು ಸಹಿಸಲು ಆಗದಿದ್ದರೆ ಪಟ್ಟಿಯನ್ನೇ ಬದಲಾಯಿಸಿ. ಸಾಮಾನ್ಯವಾಗಿ ಕ್ಲಿಪ್, ಸ್ಕ್ರೂಗಳಲ್ಲಿ ಕೂರಿಸಿದ ಬಿಡಿ ಭಾಗ ಅದು. ಯಾರ ಕೈಗಾದರೂ ಗಾಡಿ ಕೊಡುವ ಮುಂಚೆ ಒಂದು ಮಾತು ಕೇಳಿ: "ಈ ಕಪ್ಪು ಭಾಗಕ್ಕೆ ಏನು ಹಾಕುತ್ತೀರಿ?" ಉಪ್ಪುಕಾಗದ ಅಂದರೆ ಕೀ ವಾಪಸ್ ಇಸ್ಕೊಳ್ಳಿ.